ಕಾಲು ಮಡಚಬಾರದು

ಬೆಳಗಿನಿಂದ ಇದು ಮೂರನೆಯ ಸಲ ಹೆಂಡತಿ ಅವನ ಮಾತಿಗೆ ಒಪ್ಪಿಕೊಂಡಿದ್ದಳು. ಇವತ್ತು ಸೆಕೆ ವಿಪರೀತ ಅಂದದ್ದಕ್ಕೆ ಹೌದು ಅಂದಳು. ಹೊರಗೆ ಮೋಡ ಕವಿದು ತಣ್ಣಗಿತ್ತು, ಅವಳೇ ಶಾಲು ಹೊದ್ದಿದ್ದಳು. ಆಸ್ಪತ್ರೆಯ ಚೀಲದಲ್ಲಿ ಟವೆಲ್ ಮೇಲಿರಲಿ, ಫೈಲು ಕೆಳಗಿರಲಿ ಅಂದ, ಹಾಗೇ ಇಟ್ಟಳು. ಐದು ನಿಮಿಷ ಬಿಟ್ಟು, ಛೆ, ಫೈಲು ಮೇಲಿರಬೇಕಿತ್ತು ಅಂದ. ಚೀಲವನ್ನು ಪೂರ್ತಿ ಬರಿದು ಮಾಡಿ ಹಾಗೂ ಇಟ್ಟಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಈ ಹೆಂಗಸು, ಗಂಟೆ ಎಂಟಾಯಿತು ಅಂತ ಅವನು ಅಂದರೆ ಗಡಿಯಾರ ನೋಡಿ, ಇನ್ನೂ ಮೂರು ನಿಮಿಷ ಇದೆ ಅನ್ನುತ್ತಿದ್ದವಳು. ಅವಳ ಜೊತೆ ಜಗಳವಾಡಿಯೇ ಅವನು ಮಾತು ಕಲಿತದ್ದು, ನಿವೃತ್ತಿಯಾದ ಮೇಲೆ ಹೊತ್ತು ಕಳೆದದ್ದು. ಈಗ ಮೂರು ವಾರದಿಂದ ಹೌದು, ಆಯ್ತು, ನೀವು ಹೇಳಿದ ಹಾಗೆ. ಬದುಕಿರುವ ಗಂಡಸಿಗೆ ಯಾವ ಮನೆಯಲ್ಲೂ ಇಷ್ಟು ಮರ್ಯಾದೆ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ಭಯವಾಗುತ್ತಿತ್ತು; ಭಯಕ್ಕಿಂತ ಹೆಚ್ಚಾಗಿ ಮೈ ಉರಿಯುತ್ತಿತ್ತು.

ಇದಕ್ಕೆಲ್ಲ ಕಾರಣ ಒಂದು ಸ್ಕ್ಯಾನು. ಬೆನ್ನು ಹಿಡಿದುಕೊಂಡಿತು, ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಮಾಡಿಸಿದ್ದು. ಕಲ್ಲು ಇರಲಿಲ್ಲ. ಅದರ ಬದಲು, ಯಾರೂ ಕೇಳದ ಜಾಗದಲ್ಲಿ, ಎಡಪಕ್ಕೆಯೊಳಗಿನ ಗುಲ್ಮ ಎಂಬ ಅಂಗಕ್ಕೆ ರಕ್ತ ಒಯ್ಯುವ ನಾಳದ ಮೇಲೆ ದೊಡ್ಡ ದ್ರಾಕ್ಷಿಯಷ್ಟು ಉಬ್ಬು ಇತ್ತು. ಗುಲ್ಮ ಎಂಬುದೊಂದು ತನ್ನೊಳಗಿದೆ ಎಂದು ಅರವತ್ತು ವರ್ಷ ಅವನು ನೆನೆಸಿಕೊಂಡೇ ಇರಲಿಲ್ಲ. ನಾಳದ ಗೋಡೆ ಅಲ್ಲಿ ತೆಳ್ಳಗಾಗಿದೆ, ಒಡೆದರೆ ಕಷ್ಟ, ಹೊಟ್ಟೆ ಕೊಯ್ಯಬೇಕಿಲ್ಲ, ತೊಡೆಯ ಸಂದಿಯಿಂದ ಸಣ್ಣ ನಳಿಕೆ ಬಿಟ್ಟು ಒಳಗೆ ತಂತಿಯ ಸುರುಳಿ ತುಂಬಿ ಮುಚ್ಚಿಬಿಡುತ್ತೇವೆ ಎಂದಳು ಡಾಕ್ಟರು. ಅವಳಿಗೆ ಮೂವತ್ತೈದು ಇರಬಹುದು. ಇದು ಅಪರೂಪ ಸರ್, ಬರೋದು ಹೆಚ್ಚಾಗಿ ಹೆಂಗಸರಿಗೆ, ಅದರಲ್ಲೂ ನಾಲ್ಕೈದು ಹೆತ್ತವರಿಗೆ, ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ, ಒಂದನ್ನೂ ಹೆರದವಳು, ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಿದ್ದಳು. ಡಾಕ್ಟರು ಬರೆಯುತ್ತಾ ಹೇಳಿದ್ದು ಇಷ್ಟೆ: ಭಾರ ಎತ್ತಬೇಡಿ, ತಿಣುಕಬೇಡಿ, ಬಿಪಿ ಮಾತ್ರೆ ತಪ್ಪಿಸಬೇಡಿ. ಹೆಂಡತಿ ತಲೆ ಎತ್ತಿ, ಮತ್ತೆ ಕೋಪ? ಅಂದಳು. ಕೋಪ ಯಾರಿಗೂ ಒಳ್ಳೇದಲ್ಲಮ್ಮ ಅಂದಳು ಡಾಕ್ಟರು, ಸಕ್ಕರೆ ಯಾರಿಗೂ ಒಳ್ಳೇದಲ್ಲ ಅಂದ ಹಾಗೆ. ಅಷ್ಟೇ ಸಾಕಾಯಿತು. ಅವತ್ತು ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಫೋನು ಹೋಯಿತು. ಅವರನ್ನ ರೇಗಿಸಬೇಡಿ, ಎದುರಾಡಬೇಡಿ, ಒಳಗೆ ಒಡೆದುಬಿಡುತ್ತಂತೆ, ಡಾಕ್ಟರೇ ಹೇಳಿದಾರೆ.

ಎಲ್ಲರೂ ಒಪ್ಪಿಕೊಳ್ಳಲಿ, ಹಾಳಾಗಿ ಹೋಗಲಿ. ತಮ್ಮ ಒಬ್ಬ ಒಪ್ಪಿಕೊಳ್ಳಬಾರದಿತ್ತು. ಈಗ ಕಾರು ಓಡಿಸುತ್ತಿದ್ದವನು ಅವನೇ, ಐವತ್ತನಾಲ್ಕು ವರ್ಷದ ತಮ್ಮ, ಹೆಬ್ಬೆರಳ ಉಗುರಿನ ಕೆಳಗೆ ಗ್ರೀಸು ಹೋಗದ ಕರಿಯ ಗೆರೆ. ಈ ದಾರಿ ಬೇಡ, ಸೇತುವೆ ಕಡೆಯಿಂದ ಹೋಗು ಅಂದರೆ ಆಯ್ತಣ್ಣ ಎಂದು ಕಾರು ತಿರುಗಿಸಿದ. ಹಿಂದೆ ಆಗಿದ್ದರೆ, ನಿನಗೇನು ಗೊತ್ತು ಬಾಯಿ ಮುಚ್ಕೊಂಡು ಕೂತ್ಕೋ ಅನ್ನುತ್ತಿದ್ದ. ಇವನಿಗೆ ಹೇಳಬೇಕಾದ ಒಂದು ಮಾತು ಹನ್ನೊಂದು ವರ್ಷದಿಂದ ಅವನ ಬಾಯಲ್ಲೇ ಇತ್ತು. ಇವತ್ತು ನಳಿಕೆ ಒಳಗೆ ಹೋಗುವ ಮುಂಚೆ ಅದನ್ನು ಹೇಳಿಬಿಡಬೇಕು, ಇವನು ಬೈಯಬೇಕು, ಕೆನ್ನೆಗೆ ಹೊಡೆದರೂ ಸರಿ, ನಿಜವಾದ ಒಂದು ಉತ್ತರ ಕೊಡಬೇಕು. ಆಮೇಲೆ ಒಳಗೆ ಏನು ಒಡೆದರೂ ಒಡೆಯಲಿ. ಆದರೆ ಉತ್ತರ ಕೊಡುವವನ ಬಾಯಿಗೂ ಹೆಂಡತಿ ಬೀಗ ಹಾಕಿ ಇಟ್ಟಿದ್ದಳು. ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು, ಇಪ್ಪತ್ತು ನಿಮಿಷ ತಡವಾಯಿತು. ಈ ದಾರೀನೇ ವಾಸಿ, ಅಂದ ತಮ್ಮ.

ಆಸ್ಪತ್ರೆಯ ಲಿಫ್ಟಿನಲ್ಲಿ ಅವನ ಕಣ್ಣು ತಾನಾಗಿ ಗೋಡೆಯ ಪ್ರಮಾಣಪತ್ರಕ್ಕೆ ಹೋಯಿತು. ಮೂವತ್ತು ವರ್ಷ ಅವನು ಮಾಡಿದ ಕೆಲಸ ಅದು: ಊರಿನ ಲಿಫ್ಟುಗಳನ್ನೆಲ್ಲ ವರ್ಷಕ್ಕೊಮ್ಮೆ ನೋಡಿ, ಸರಿಯಿದೆ ಎಂದು ಸಹಿ ಹಾಕುವುದು. ತಮ್ಮ ಅದೇ ಲಿಫ್ಟುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಅಣ್ಣ ಬರೆಯುವವನು, ತಮ್ಮ ಮಾಡುವವನು ಎಂದು ಅಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು. ಮೂರನೆಯ ಮಹಡಿ ದಾಟುವಾಗ ಮೇಲೆಲ್ಲೋ ಒಂದು ಸಣ್ಣ ಉಜ್ಜುವ ಸದ್ದಾಯಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದರು, ಒಟ್ಟಿಗೆ ಇಳಿಸಿದರು. ಏನೂ ಇಲ್ಲ ಬಿಡಿ, ಎಂದಳು ಹೆಂಡತಿ, ಸದ್ದು ಕೇಳಿಸದವಳು.

ಹನ್ನೊಂದು ವರ್ಷದ ಹಿಂದೆ ಆ ಒಂದು ಕಟ್ಟಡದಲ್ಲಿದ್ದದ್ದೂ ಇಂಥದೇ ಹಳೇ ಲಿಫ್ಟು. ಲಿಫ್ಟು ಹಿಡಿತ ತಪ್ಪಿ ಜಾರಿದರೆ ತಡೆದು ನಿಲ್ಲಿಸುವುದಕ್ಕೆ ಒಂದು ಕಾವಲು ಹಗ್ಗ ಇರುತ್ತದೆ, ತಂತಿಯದು. ಅದನ್ನು ಬಿಗಿಯಾಗಿ ಎಳೆದಿಡಲು ತೀರಾ ಕೆಳಗೆ, ಗುಂಡಿಯಲ್ಲಿ, ಒಂದು ತೂಕ ನೇತಾಡುತ್ತಿರುತ್ತದೆ. ಹಗ್ಗ ಹಳತಾಗಿ ಹಿಗ್ಗಿದರೆ ತೂಕ ಹೋಗಿ ನೆಲಕ್ಕೆ ಕೂರುತ್ತದೆ, ಆಮೇಲೆ ಹಗ್ಗ ಇದ್ದೂ ಇಲ್ಲದ್ದು. ಗುಂಡಿಗೆ ಇಳಿದು ನೋಡದೆ ಅದು ಗೊತ್ತಾಗುವುದಿಲ್ಲ. ತಮ್ಮ ಮೊದಲೇ ಫೋನು ಮಾಡಿದ್ದ. ಅಣ್ಣ, ಆ ಹಗ್ಗ ಹೋಗಿದೆ, ನಾನು ಹೇಳಿದರೆ ಮಾಲೀಕ ಕಿವಿಗೇ ಹಾಕ್ಕೊಳ್ಳಲ್ಲ, ಗುರುವಾರ ನೀನು ಬಂದಾಗ ಬರೆದುಬಿಡು, ನೀನು ಬರೆದರೆ ಬದಲಾಯಿಸಲೇಬೇಕು. ಗುರುವಾರ ಅವನು ಹೋದ. ಗುಂಡಿಯಲ್ಲಿ ಮೊಣಕಾಲಿನ ತನಕ ಕೊಳಚೆ ನೀರಿತ್ತು. ಅವನು ಅವತ್ತೇ ಮೊದಲ ಸಲ ತೊಟ್ಟ ಪ್ಯಾಂಟು ತಿಳಿ ಬೂದು ಬಣ್ಣದ್ದು. ಗುಂಡಿಯ ಬಾಗಿಲಲ್ಲಿ ನಿಂತು ಟಾರ್ಚು ಬಿಟ್ಟ, ಏನೂ ಕಾಣಲಿಲ್ಲ, ನೀರು ತೆಗೆಸಿದ ಮೇಲೆ ಮುಂದಿನ ವಾರ ಬಂದರಾಯಿತು ಅಂದುಕೊಂಡ, ಆದರೆ ಪತ್ರ ತುಂಬಿಸುವಾಗ ಕೈ ರೂಢಿಯ ಮೇಲೆ ಎಲ್ಲ ಚೌಕಗಳಿಗೂ ಸರಿ ಗುರುತು ಹಾಕುತ್ತಾ ಹೋಯಿತು. ತಮ್ಮನ ಫೋನು ನೆನಪಿರಲಿಲ್ಲ ಎಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ನೆನಪಿತ್ತು. ಮುಂದಿನ ವಾರ ಬರಲಿಲ್ಲ. ಹದಿನೆಂಟನೆಯ ದಿನ ಲಿಫ್ಟು ಎರಡು ಮಹಡಿ ಜಾರಿ ತಳಕ್ಕೆ ಬಡಿಯಿತು, ಒಳಗಿದ್ದ ಹೆಂಗಸಿನ ಎರಡೂ ಕಾಲು ಮುರಿಯಿತು. ವಿಚಾರಣೆಗೆ ಬಂದ ಹಿರಿಯ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಗುಂಡಿಗೆ ಇಳಿದಿದ್ದಿರಾ? ಇಳಿದಿದ್ದೆ ಸರ್, ಅವತ್ತು ಹಗ್ಗ ಸರಿಯಿತ್ತು. ಅಂದ ಮೇಲೆ ಹಗ್ಗ ಕೆಟ್ಟಿದ್ದು ಆ ಹದಿನೆಂಟು ದಿನದಲ್ಲಿ, ನೋಡಿಕೊಳ್ಳಬೇಕಾಗಿದ್ದವನು ಮೆಕ್ಯಾನಿಕ್. ತಮ್ಮನ ಲೈಸೆನ್ಸು ಹೋಯಿತು. ಈಗ ಅವನು ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಫ್ಯಾನು, ಪಂಪು ಬಿಚ್ಚಿಕೊಂಡು ಕೂರುತ್ತಾನೆ.

ಐದನೆಯ ಮಹಡಿಯಲ್ಲಿ ಅವನಿಗೆ ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿ ಕೊಟ್ಟರು. ಲಾಡಿ ಎರಡು ಇದ್ದವು, ಒಂದು ಕಿತ್ತುಹೋಗಿತ್ತು. ಒಬ್ಬ ನರ್ಸು ಬಂದು, ಅವನಿಗೆ ಮಗಳಾಗುವ ವಯಸ್ಸಿನವಳು, ತೊಡೆಯ ಸಂದಿಯ ಕೂದಲನ್ನು ಬಟಾಣಿ ಸುಲಿಯುವಷ್ಟು ನಿರಾಳವಾಗಿ ಬೋಳಿಸಿ ಹೋದಳು. ಹೆಂಡತಿ ಯಾವುದೋ ಕಾಗದಕ್ಕೆ ಸಹಿ ಹಾಕಲು ಹೋದ ಹೊತ್ತು. ಪರದೆಯೊಳಗೆ ಅವನು, ತಮ್ಮ, ಇಬ್ಬರೇ. ಅವನು ಅಂಗಿಯ ಹಿಂಭಾಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

"ಆವತ್ತು ನಾನು ಗುಂಡಿಗೆ ಇಳಿದಿರಲಿಲ್ಲ ಕಣೋ."

ತಮ್ಮ ಚೀಲದ ಜಿಪ್ಪು ಹಾಕುತ್ತಿದ್ದ. ಕೈ ಒಂದು ಗಳಿಗೆ ನಿಂತಿತು, ಮತ್ತೆ ಎಳೆಯಿತು.

"ಆಯ್ತು ಬಿಡಣ್ಣ."

"ಆಯ್ತು ಬಿಡು ಅಂದ್ರೆ? ಏನು ಹೇಳಿದೆ ಗೊತ್ತಾಯ್ತಾ ನಿನಗೆ? ನೀನು ಫೋನ್ ಮಾಡಿದ್ದೆ. ನಾನು ಇಳೀಲಿಲ್ಲ. ಇಳಿದೆ ಅಂತ ಸುಳ್ಳು ಹೇಳಿದೆ."

"ಎಲ್ಲರೂ ಮಾಡ್ತಾರೆ. ಹಳೇದು ಅದೆಲ್ಲ. ನೀನೀಗ ತಲೆ ಕೆಡಿಸ್ಕೋಬೇಡ."

"ನಿನ್ನ ಕೆಲಸ ಹೋಯ್ತು ನನ್ನಿಂದ."

"ಹೋಗ್ಲಿ. ಅಂಗಡಿ ಚೆನ್ನಾಗೇ ನಡೀತಿದೆ. ಹಿಂದೆ ತಿರುಗು, ಲಾಡಿ ಕಟ್ತೀನಿ."

ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವನು ಈ ಕ್ಷಣಕ್ಕೆಂದು ಎಷ್ಟು ಸಲ ಜೋಡಿಸಿ, ಕಿತ್ತು, ಮತ್ತೆ ಜೋಡಿಸಿದ್ದ. ತಮ್ಮ ಕಿರುಚುತ್ತಾನೆ, ಅಳುತ್ತಾನೆ, ಬಾಗಿಲು ಬಡಿದು ಹೋಗುತ್ತಾನೆ, ಎಲ್ಲವನ್ನೂ ಊಹಿಸಿದ್ದ. ಈಗ ತಮ್ಮ ಉಳಿದಿದ್ದ ಒಂದೇ ಲಾಡಿಯನ್ನು ಗಂಟು ಹಾಕುತ್ತಿದ್ದ. ಅವನಿಗೆ ಬಂದ ಸಿಟ್ಟಿಗೆ ನಾಳ ನಿಜವಾಗಿಯೂ ಅಲ್ಲೇ ಒಡೆಯಬೇಕಿತ್ತು. ಒಡೆಯಲಿಲ್ಲ. ಹಾಳಾದ್ದು, ಕೋಪಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆಂದು ತೋರಿಸಿಕೊಡಲು ಇನ್ನೇನು ಬೇಕಿತ್ತು, ಆದರೆ ಯಾರಿಗೆ ತೋರಿಸುವುದು. ಟ್ರಾಲಿ ಬಂತು. ಹತ್ತಿ ಮಲಗಿದ. ಧೈರ್ಯವಾಗಿರಿ ಅಂದಳು ಹೆಂಡತಿ. ಅಧೈರ್ಯವಾಗಿ ಇದ್ದದ್ದು ಯಾರು, ಎಂದು ಕೇಳಿದ. ಯಾರೂ ಇಲ್ಲ, ಎಂದು ಒಪ್ಪಿಕೊಂಡಳು.

ಒಳಗೆ ಕೊರೆಯುವ ಚಳಿ. ಪ್ರಜ್ಞೆ ತಪ್ಪಿಸಲಿಲ್ಲ, ಸೊಂಟದ ಕೆಳಗೆ ಒಂದು ಕಡೆ ಮರಗಟ್ಟಿಸಿದರು, ಅಷ್ಟೆ. ಎಡಗಡೆ ಎತ್ತರದಲ್ಲಿ ಟಿವಿಯಂಥ ಪರದೆಯ ಮೇಲೆ ಬೂದು ಬಣ್ಣದಲ್ಲಿ ಅವನ ಪಕ್ಕೆಲುಬುಗಳು ಕಾಣುತ್ತಿದ್ದವು. ನಾಳ ಕಾಣೋಕೆ ಬಣ್ಣ ಬಿಡ್ತೀವಿ, ಬಿಸಿ ಅನ್ಸುತ್ತೆ, ಎಂದಳು ಡಾಕ್ಟರು ಮುಖಗವಸಿನೊಳಗಿಂದ. ಬಿಸಿ ಎದೆಯಿಂದ ಇಳಿದು ಹೊಟ್ಟೆ ದಾಟಿ ಕೆಳಗೆ ಹರಡಿತು, ಅವನು ಗಾಬರಿಯಾಗಿ ನರ್ಸನ್ನು ಕರೆದು ತಗ್ಗಿದ ದನಿಯಲ್ಲಿ, ನಾನು ಒಂದ ಮಾಡಿಬಿಟ್ಟೆನಾ ನೋಡಮ್ಮ ಅಂದ. ಇಲ್ಲ ಸರ್, ಎಲ್ಲರಿಗೂ ಹಾಗೇ ಅನ್ಸುತ್ತೆ ಎಂದಳು ಅವಳು, ತಗ್ಗಿಸದ ದನಿಯಲ್ಲಿ. ಪರದೆಯ ಮೇಲೆ ನಾಳ ಕಪ್ಪಾಗಿ ಡೊಂಕುಡೊಂಕಾಗಿ ಮೂಡಿತು, ಅದರ ಮಗ್ಗುಲಲ್ಲಿ ಆ ದ್ರಾಕ್ಷಿ. ಉಸಿರು ಎಳೀರಿ, ಹಿಡೀರಿ, ಅಲುಗಬೇಡಿ. ಕೂದಲಿನಷ್ಟು ಸಣ್ಣ ತಂತಿಯೊಂದು ಆ ಡೊಂಕುಗಳನ್ನು ಒಂದೊಂದಾಗಿ ದಾಟಿ ಹೋಯಿತು. ಹಿಂದಿನ ಬಾಗಿಲು ಮೊದಲು ಮುಚ್ಚಬೇಕು, ಇಲ್ಲದಿದ್ದರೆ ರಕ್ತ ಆ ಕಡೆಯಿಂದ ತಿರುಗಿ ಬರುತ್ತೆ, ಎಂದು ಅವಳು ಯಾರಿಗೋ ಕಲಿಸುತ್ತಿದ್ದಳು. ಒಂದು ಸುರುಳಿ. ಇನ್ನೊಂದು. ಗುಲ್ಮಕ್ಕೆ ಬೇರೆ ಸಣ್ಣ ದಾರಿಗಳಿವೆ, ಅದು ಬದುಕಿಕೊಳ್ಳುತ್ತದೆ. ಅವನು ಕೇಳಿಸಿಕೊಳ್ಳುತ್ತಾ ಹೋದ. ಕೆಲಸ ಬಲ್ಲವರ ಮಾತು ಅವನಿಗೆ ಯಾವತ್ತೂ ಹಿತ. ಒಂದೂವರೆ ಗಂಟೆಯಾದ ಮೇಲೆ ಪರದೆಯಲ್ಲಿ ದ್ರಾಕ್ಷಿಯ ಜಾಗದಲ್ಲಿ ನೂಲಿನ ಉಂಡೆಯಂಥದ್ದು ಕೂತಿತ್ತು. ಆಯ್ತಲ್ಲ, ಎಂದ ಅವನು, ಸಾಕಾಗಿ. ಇನ್ನೊಂದು ಸಲ ಬಣ್ಣ ಬಿಟ್ಟು ನೋಡ್ಬೇಕು ಸರ್ ಎಂದಳು ಡಾಕ್ಟರು. ಮುಚ್ಚಿದ್ದು ಕಾಣ್ತಿದೆಯಲ್ಲ. ಕಾಣ್ತಿದೆ, ಆದ್ರೂ ನೋಡದೆ ಸರಿಯಿದೆ ಅಂತ ಬರೆಯೋಕಾಗಲ್ಲ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮತ್ತೆ ಬಿಸಿ ಇಳಿಯಿತು. ಈ ಸಲ ಯಾರನ್ನೂ ಏನೂ ಕೇಳಲಿಲ್ಲ.

ಕೋಣೆಗೆ ತಂದು ಮಲಗಿಸಿದ ಮೇಲೆ ಅದೇ ನರ್ಸು ಬಲಗಾಲನ್ನು ಒತ್ತಿ ತೋರಿಸಿ ಹೇಳಿದಳು. ಆರು ಗಂಟೆ ಕಾಲ ಈ ಕಾಲು ಮಡಚಬಾರದು. ಏಳಬಾರದು, ಪಕ್ಕಕ್ಕೆ ಹೊರಳಬಾರದು, ತಲೆ ಎತ್ತಬಾರದು, ತೂತು ಮಾಡಿದ ಜಾಗದಿಂದ ರಕ್ತ ಬಂದುಬಿಡುತ್ತೆ. ಒಂದಕ್ಕೂ ಇಲ್ಲೇ. ಗಂಟೆ ಆಗ ಹನ್ನೆರಡೂಕಾಲು. ಎರಡಾಗುತ್ತಾ ಬಂದಾಗ ಡಾಕ್ಟರು ಬಂದು, ಎಲ್ಲ ಚೆನ್ನಾಗಾಗಿದೆ, ನಾಲ್ಕು ದಿನ ಎಡಪಕ್ಕೆ ನೋಯಬಹುದು, ಜ್ವರ ಬರಬಹುದು, ಗಾಬರಿಯಾಗಬೇಡಿ ಎಂದಳು. ಬಾಗಿಲಿನಲ್ಲಿ ನಿಂತಿದ್ದ ತಮ್ಮ ಮುಂದೆ ಬಂದು ಕೇಳಿದ.

"ಇನ್ನು ಅದು ಒಡೆಯೋ ಪ್ರಶ್ನೆ ಇಲ್ಲ ಅಲ್ವಾ ಡಾಕ್ಟ್ರೇ?"

"ಅದಕ್ಕೆ ರಕ್ತಾನೇ ಹೋಗ್ತಿಲ್ಲ. ಇನ್ನೇನು ಒಡೆಯುತ್ತೆ."

"ಕೋಪ ಬಂದ್ರೆ?"

ಡಾಕ್ಟರು ಅವನ ಮುಖ ನೋಡಿದಳು. "ಕೋಪಕ್ಕೂ ಅದಕ್ಕೂ ಏನು ಸಂಬಂಧ?"

ತಮ್ಮ ತಲೆಯಾಡಿಸಿದ. ಡಾಕ್ಟರು ಹೋದ ಮೇಲೆ, ಅತ್ತಿಗೆ, ನೀವು ಬೆಳಗ್ಗೆಯಿಂದ ಏನೂ ತಿಂದಿಲ್ಲ, ಕೆಳಗೆ ಹೋಗಿ ಊಟ ಮಾಡ್ಕೊಂಡು ಬನ್ನಿ, ನಾನಿರ್ತೀನಿ ಅಂದ. ಅವಳು ಹೋದಳು. ತಮ್ಮ ಬಾಗಿಲು ಮುಚ್ಚಿ, ಕುರ್ಚಿಯನ್ನು ಮಂಚದ ಬಲಗಡೆ ಎಳೆದುಕೊಂಡು ಕೂತ.

"ಇಲ್ಲ," ಎಂದ ತಮ್ಮ.

"ಏನು ಇಲ್ಲ?"

"ಬೆಳಗ್ಗೆ ಹೇಳಿದ್ದು. ಬಿಡು ಅಂದೆನಲ್ಲ. ಬಿಡೋದಿಲ್ಲ. ಆಗ ಅತ್ತಿಗೆಗೆ ಮಾತು ಕೊಟ್ಟಿದ್ದೆ, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಇನ್ನು ನೀನು ಸಾಯಲ್ಲ. ಎದ್ದೂ ಹೋಗಲ್ಲ."

ಅದು ನಿಜ. ಹುಟ್ಟಿದಾಗಿನಿಂದ ಇವರಿಬ್ಬರ ಎಲ್ಲ ಜಗಳವೂ ಒಂದೇ ರೀತಿ ಮುಗಿಯುತ್ತಿತ್ತು: ತಮ್ಮ ಮುಖ್ಯವಾದ ಮಾತಿಗೆ ಬರುವ ಹೊತ್ತಿಗೆ ಅಣ್ಣ ಚಪ್ಪಲಿ ಮೆಟ್ಟಿರುತ್ತಿದ್ದ. ಅಮ್ಮ ತೀರಿಕೊಂಡ ವಾರವೂ ಹಾಗೇ ಆಯಿತು. ಈಗ ಅವನ ಕಾಲಿನ ಮೇಲೆ, ಅಲುಗದಿರಲೆಂದು ನರ್ಸು ಇಟ್ಟ ಮರಳಿನ ಚೀಲ ಇತ್ತು. ಎಡಪಕ್ಕೆಯಲ್ಲಿ ನೋವು ಮೊಳೆಯಿತು. ಬೆಳಗಿನಿಂದ ಬೇಕು ಬೇಕು ಎಂದು ಹಂಬಲಿಸಿದ್ದು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಾಗ ಅವನಿಗೆ ನೀರು ಕುಡಿಯಬೇಕೆನಿಸಿತು, ನರ್ಸನ್ನು ಕರೆಯಬೇಕೆನಿಸಿತು.

"ನೀನು ಇಳಿದಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು," ಎಂದ ತಮ್ಮ. "ಮಾರನೇ ದಿನ ನಾನೇ ಪಂಪು ಹಾಕಿ ನೀರು ತೆಗೆದೆ. ತಳದಲ್ಲಿ ಕೆಸರು ಹಾಳೆ ಹಾಗೆ ಕೂತಿತ್ತು, ಒಂದು ಹೆಜ್ಜೆ ಗುರುತಿಲ್ಲ. ನಿನಗೆ ಫೋನ್ ಮಾಡಿದೆ. ಮುಂದಿನ ವಾರ ಬರ್ತೀನಿ ಅಂದೆ. ನನ್ನ ತಪ್ಪಿಲ್ಲ ಅಂತ ಹೇಳ್ತಿಲ್ಲ. ಲಿಫ್ಟು ನಿಲ್ಲಿಸಿ ಬೀಗ ಹಾಕ್ಬೇಕಿತ್ತು. ಅಣ್ಣ ಬರ್ತಾನಲ್ಲ ಅಂತ ಬಿಟ್ಟೆ. ಆ ಪಾಲು ನಂದು, ಅದನ್ನ ನಾನು ಹೊತ್ತಿದೀನಿ. ನಿನ್ನ ಪಾಲನ್ನೂ ನಾನೇ ಹೊತ್ತೆ."

"ವಿಚಾರಣೇಲಿ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಯಾರು ನಂಬ್ತಿದ್ರು? ಕೆಲಸ ಕೆಡಿಸಿ ಅಣ್ಣನ ಮೇಲೆ ಹಾಕ್ತಾನೆ ಅಂತಿದ್ರು. ಮತ್ತೆ, ನೀನೇ ಹೇಳ್ತೀಯ ಅಂತ ಕಾದೆ. ಈ ವಾರ, ಮುಂದಿನ ವಾರ. ಅಮ್ಮ ಹೋದಾಗ ಹೇಳ್ತೀಯ ಅಂದ್ಕೊಂಡೆ. ರಿಟೈರ್ ಆದಾಗ ಖಂಡಿತ ಹೇಳ್ತೀಯ ಅಂದ್ಕೊಂಡೆ. ನೀನು ಹೇಳಿದ್ದು ಯಾವಾಗ? ಸತ್ತರೂ ಸಾಯಬಹುದು ಅಂತ ಹೆದರಿದಾಗ. ಅದೂ ಪರದೆ ಒಳಗೆ, ನನ್ನ ಕಿವೀಲಿ."

"ಬಾಯ್ಬಿಟ್ಟು ಹೇಳಿದೆನಲ್ಲೋ."

"ನನಗೆ ಗೊತ್ತಿದ್ದದ್ದನ್ನ ನನಗೆ ಹೇಳಿ ಏನು ಬಂತು?" ತಮ್ಮನ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಗೊತ್ತಿಲ್ಲದವಳಿಗೆ ಹೇಳು."

ಯಾರೆಂದು ಅವನು ಕೇಳಲಿಲ್ಲ. ತಮ್ಮನ ಮಗಳಿಗೆ ಆಗ ಎಂಟು ವರ್ಷ. ಲಿಫ್ಟಿನಲ್ಲಿದ್ದ ಹೆಂಗಸು ಅವಳ ಶಾಲೆಯ ಡ್ರಾಯಿಂಗ್ ಟೀಚರು. ನಿಮ್ಮಪ್ಪ ಮಿಸ್ಸಿನ ಕಾಲು ಮುರಿದುಬಿಟ್ಟ ಎಂದು ಮಕ್ಕಳೆಲ್ಲ ಅಂದರು, ಮಿಸ್ಸು ಕೋಲು ಹಿಡಿದು ತರಗತಿಗೆ ವಾಪಸು ಬಂದಾಗ ಇವಳು ಡ್ರಾಯಿಂಗು ಬಿಟ್ಟಳು. ಅಪ್ಪನನ್ನು ಅವಳು ಒಂದು ಮಾತೂ ಕೇಳಲಿಲ್ಲ. ಅಪ್ಪ ಬಡಿಸಿದ್ದನ್ನು ತಿನ್ನುತ್ತಾಳೆ, ಹೇಳಿದ ಕೆಲಸ ಮಾಡುತ್ತಾಳೆ, ಅಪ್ಪ ರಿಪೇರಿ ಮಾಡಿದ ಫ್ಯಾನಿನ ಕೆಳಗೆ ಮಾತ್ರ ಮಲಗುವುದಿಲ್ಲ. ಆಮೇಲೆ ಅವಳು ಸಂಜೆಯಾದರೆ ದೊಡ್ಡಪ್ಪನ ಮನೆಗೆ ಬರತೊಡಗಿದಳು. ಲೆಕ್ಕ ಹೇಳಿಕೊಟ್ಟವನು ಅವನು. ಸೈಕಲ್ಲು ಕಲಿಸಿದವನು ಅವನು. ಮಕ್ಕಳಿಲ್ಲದ ಮನೆಯಲ್ಲಿ ಅವಳ ಪುಸ್ತಕಕ್ಕೆ ಒಂದು ಕಪಾಟು, ಅವಳಿಗೊಂದು ದಿಂಬು. ದೊಡ್ಡಪ್ಪ, ನಾನೂ ನಿಮ್ಮ ಹಾಗೆ ಇನ್ಸ್‌ಪೆಕ್ಟರ್ ಆಗ್ತೀನಿ, ನೀವು ಒಂದು ಬಿಡದೆ ನೋಡ್ತೀರಲ್ಲ ಹಾಗೆ, ಎಂದು ಎಂಜಿನಿಯರಿಂಗ್ ಸೇರಿದಳು. ಅವತ್ತು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಆ ಹುಡುಗಿಯ ಕಣ್ಣಿನಲ್ಲಿ ತಾನಿರುವ ರೀತಿ ಎಷ್ಟು ಹಿತವಾಗಿತ್ತೆಂದರೆ, ಅದು ಎಲ್ಲಿಂದ ಕಿತ್ತು ತಂದದ್ದು ಎಂಬುದನ್ನು ಅವನು ಅಪರೂಪಕ್ಕೆ ಮಾತ್ರ ನೆನೆಯುತ್ತಿದ್ದ.

"ನಿನಗೇನೋ ಕ್ಷಮೆ ಬೇಕಂತೆ," ಎಂದ ತಮ್ಮ. "ನನಗೆ ನನ್ನ ಮಗಳು ಬೇಕು."

"ಹೇಳ್ತೀನಿ. ಮನೆಗೆ ಹೋದ ಮೇಲೆ, ಸಮಾಧಾನವಾಗಿ—"

"ಮನೆಗೆ ಹೋದ ಮೇಲೆ ನಿನಗೆ ಕಾಲು ಬರುತ್ತೆ."

"ಅವಳು ನನ್ನ ಮುಖ ನೋಡಲ್ಲ ಕಣೋ ಆಮೇಲೆ."

"ನೋಡದೇ ಇರಬಹುದು," ಎಂದ ತಮ್ಮ. ಸಮಾಧಾನಕ್ಕೂ ಒಂದು ಮಾತು ಸೇರಿಸಲಿಲ್ಲ. ಎಷ್ಟು ದಿನದ ಮೇಲೆ ಒಬ್ಬ ಮನುಷ್ಯ ತನ್ನ ಜೊತೆ ಮಾತಾಡುತ್ತಿದ್ದಾನೆ ಎನಿಸಿತು ಅವನಿಗೆ, ಹಾಗೆ ಅನಿಸಿದ್ದಕ್ಕೆ ಮತ್ತಷ್ಟು ರೇಗಿತು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈಗೆ ಸೂಜಿ ಚುಚ್ಚಿದ್ದರು, ಇನ್ನೊಂದಕ್ಕೆ ಬಿಪಿಯ ಪಟ್ಟಿ ಕಟ್ಟಿದ್ದರು. ತಮ್ಮ ನೋಡುತ್ತಾ ಕೂತ. ಆಮೇಲೆ ಎದ್ದು ಟವೆಲಿನ ತುದಿಯಿಂದ, ಯಂತ್ರದ ಭಾಗ ಒರೆಸುವವನಂತೆ ಜೋರಾಗಿ, ಆ ಕಿವಿಯನ್ನು ಒರೆಸಿ ಮತ್ತೆ ಕೂತ.

"ಕಾಲೇಜು ಮುಗಿಸಿ ನೇರ ಇಲ್ಲಿಗೇ ಬರ್ತೀನಿ ಅಂದಿದ್ದಳು. ಎರಡು ಗಂಟೆಗೆ."

ಗೋಡೆಯ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು. ಐದು ಮಹಡಿ, ಅವಳು ಮೆಟ್ಟಿಲಲ್ಲೇ ಬರುವವಳು. ಎಂಟನೆಯ ವಯಸ್ಸಿನಿಂದ ಅವಳು ಯಾವ ಲಿಫ್ಟನ್ನೂ ಹತ್ತಿಲ್ಲ. ಲಿಫ್ಟು ನೋಡುವ ಅಧಿಕಾರಿಯಾಗಬೇಕೆಂಬವಳು ಲಿಫ್ಟು ಹತ್ತುವುದಿಲ್ಲ ಎಂದು ಅವನೇ ಎಷ್ಟೋ ಸಲ ನಗೆಯಾಡಿದ್ದ. ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಆಮೇಲೆ ಬಾಗಿಲು ತಳ್ಳಿಕೊಂಡು ಅವಳು ಬಂದಳು, ಹೆಗಲಲ್ಲಿ ಚೀಲ, ಏದುಸಿರು, ಹಣೆಯಲ್ಲಿ ಬೆವರು. ಅಪ್ಪನ ಕಡೆ ನೋಡಿ, ಬಂದ್ರಾ ಎನ್ನುವಷ್ಟು ತಲೆಯಾಡಿಸಿದಳು. ಮಂಚದ ಕಡೆ ಬರುವಾಗ ಮುಖ ಪೂರ್ತಿ ಬೇರೆಯಾಯಿತು.

"ದೊಡ್ಡಪ್ಪಾ, ಹೇಗಿದೀರ? ನೋವಿದೆಯಾ? ನೀವೇನೂ ಮಾತಾಡ್ಬೇಡಿ, ದೊಡ್ಡಮ್ಮ ಎಲ್ಲಾ ಹೇಳಿದಾರೆ, ನಾನು ಸುಮ್ನೆ ಕೂತಿರ್ತೀನಿ."

ತಮ್ಮ ಕುರ್ಚಿಯಿಂದ ಎದ್ದ. ಅಣ್ಣನ ಕಡೆ ನೋಡಲಿಲ್ಲ. ಹೊರಗೆ ಹೋಗಿ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡ. ಬಾಗಿಲಿನ ಮಂಜು ಗಾಜಿನಾಚೆ ಅವನ ಹೆಗಲು ಕಾಣುತ್ತಿತ್ತು, ಹೋಗಿರಲಿಲ್ಲ.

"ಕೂತ್ಕೋ," ಎಂದ ಅವನು. ಹುಡುಗಿ ಚೀಲ ಇಳಿಸಿ, ಅಪ್ಪ ಎದ್ದುಹೋದ ಕುರ್ಚಿಯಲ್ಲಿ ಕೂತು, ಸೂಜಿ ಚುಚ್ಚಿದ ಅವನ ಕೈಯನ್ನು ಹಗುರವಾಗಿ ಹಿಡಿದುಕೊಂಡಳು. ಅದನ್ನು ಅವಳು ಎಷ್ಟು ಹೊತ್ತು ಹಿಡಿದಿರುತ್ತಾಳೋ ನೋಡುತ್ತಾ ಅವನು ಹೇಳತೊಡಗಿದ.

"ಆವತ್ತು ಗುಂಡಿ ತುಂಬ ನೀರಿತ್ತಮ್ಮ. ನಾನು ಹೊಸ ಪ್ಯಾಂಟು ಹಾಕಿಕೊಂಡಿದ್ದೆ."